ಚೀಲಕ್ಕೆ ಪರೀಕ್ಷೆ, ತಾಯಿಗೆ ಉಪೇಕ್ಷೆ



ರಕ್ತಕ್ಕೆ ಜಾತಿಯಿಲ್ಲ ಅಂತ ವೇದಿಕೆ ಮೇಲೆ ನಿಂತು ಹೇಳೋದು ಸುಲಭ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ರೆಡ್ ಕ್ರಾಸ್ ಕರಿಯರ ರಕ್ತವನ್ನು ಬೇರೆ ಇಡುತ್ತಿತ್ತು. ಅದು ನಿಂತದ್ದು 1950ರಲ್ಲಿ. ನಮ್ಮೂರ ಹೋಟೆಲಿನ ಬೇರೆ ಲೋಟಕ್ಕೂ ಆ ಬೇರೆ ಬಾಟಲಿಗೂ ಏನು ವ್ಯತ್ಯಾಸ?

ನಾವೀಗ ಎತ್ತುತ್ತಿರುವ ಮಾತು ಇನ್ನೊಂದು. ಇಲ್ಲಿ ರೋಗವೂ ನಿಜ, ಪರೀಕ್ಷೆಯೂ ನಿಜ. ಅನ್ಯಾಯ ಇರೋದು ಪರೀಕ್ಷೆ ನಿಂತುಹೋಗುವ ಜಾಗದಲ್ಲಿ.

ಎಚ್‌ಟಿಎಲ್‌ವಿ-1 ಎಂಬ ವೈರಾಣು ಪತ್ತೆಯಾದದ್ದು 1980ರಲ್ಲಿ. ಬಿಳಿ ರಕ್ತಕಣದಲ್ಲಿ ಅಡಗಿ ಕೂರುತ್ತದೆ. ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ತಾಯಿಯ ಎದೆಹಾಲಿನಿಂದ ದಾಟುತ್ತದೆ. ಬಹಳ ಮಂದಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಹತ್ತಾರು ವರ್ಷದ ಮೇಲೆ ರಕ್ತದ ಕ್ಯಾನ್ಸರ್, ಇಲ್ಲವೇ ಕಾಲು ಸೋಲುವ ಬೆನ್ನುಹುರಿ ರೋಗ. ಲಸಿಕೆಯಿಲ್ಲ, ಮೈಯಿಂದ ಅದನ್ನು ತೊಲಗಿಸುವ ಔಷಧಿಯೂ ಇಲ್ಲ.

ಇದು ಅಪರೂಪದ ಸೋಂಕು ಅಂತಾರೆ. ಯಾರ ಲೆಕ್ಕದಲ್ಲಿ? ಮಧ್ಯ ಆಸ್ಟ್ರೇಲಿಯಾದ ಕೆಲವು ಮೂಲನಿವಾಸಿ ಹಳ್ಳಿಗಳಲ್ಲಿ ವಯಸ್ಕರ ಪೈಕಿ ನೂರಕ್ಕೆ 40ಕ್ಕೂ ಹೆಚ್ಚು ಮಂದಿ ಇದನ್ನು ಹೊತ್ತಿದ್ದಾರೆ. ಕೇರಿಯ ರೋಗ ಊರಿಗೆ ಯಾವತ್ತೂ ಅಪರೂಪವೇ!

ಮೂರು ಇಸವಿ ನೆನಪಿಡಿ. ಅಲ್ಲಿನ ಮೂಲನಿವಾಸಿಗಳಲ್ಲಿ ಈ ಸೋಂಕು ಇದೆಯೆಂದು ವರದಿಯಾದದ್ದು 1988. ದಾನದ ರಕ್ತವನ್ನು ಪರೀಕ್ಷಿಸತೊಡಗಿದ್ದು 1993. ಆ ಜನರ ಆರೋಗ್ಯಕ್ಕೆಂದು ಸರ್ಕಾರ 80 ಲಕ್ಷ ಡಾಲರ್ ಘೋಷಿಸಿದ್ದು 2018. ಅದೇ ವರ್ಷ ವಿಜ್ಞಾನಿಗಳು ವಿಶ್ವ ಆರೋಗ್ಯ ಸಂಸ್ಥೆಗೆ ಬಹಿರಂಗ ಪತ್ರ ಬರೆದು ಗದ್ದಲ ಎಬ್ಬಿಸಿದ್ದರು. ಚೀಲ ತಲುಪಲು ಐದು ವರ್ಷ, ಮನುಷ್ಯರನ್ನು ತಲುಪಲು ಮೂವತ್ತು!

ಆಗದ ಕೆಲಸವೇನಲ್ಲ. ಜಪಾನು 1986ರಲ್ಲಿ ರಕ್ತ ಪರೀಕ್ಷೆ ಶುರುಮಾಡಿತು. ಮರುವರ್ಷವೇ ನಾಗಸಾಕಿಯಲ್ಲಿ ಬಸುರಿಯರ ಪರೀಕ್ಷೆ ಶುರುವಾಯಿತು. ಸೋಂಕಿದ್ದ ತಾಯಂದಿರಿಗೆ ಕೂಸಿಗೆ ಬೇರೆ ಹಾಲು ಕೊಡುವ ದಾರಿ ಹೇಳಿದರು. 2011ರಿಂದ ಅದು ದೇಶಕ್ಕೆಲ್ಲ ಬಂತು. ಮನಸ್ಸಿದ್ದರೆ ಚೀಲದಿಂದ ತೊಟ್ಟಿಲವರೆಗೂ ನಡೆಯಬಹುದು.

ರಕ್ತ ಪರೀಕ್ಷಿಸೋದು ತಪ್ಪು ಅಂತ ನಾವು ಹೇಳೋದಿಲ್ಲ. ಅದು ಬೇಕೇ ಬೇಕು. ಆದರೆ ರಕ್ತ ಪಡೆಯುವವನ ಜೀವಕ್ಕೆ ಕಾವಲಿಟ್ಟು, ಕೊಟ್ಟವನ ಜೀವವನ್ನು ಚೀಲದ ಜೊತೆಗೇ ಬಿಸಾಕುವ ವ್ಯವಸ್ಥೆಗೆ ವಿಜ್ಞಾನ ಅನ್ನಬೇಡಿ. ಅದು ಬಿಳಿ ಕೋಟು ತೊಟ್ಟ ಮಡಿ.

ನಮ್ಮಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಈ ಐದಕ್ಕೆ ಪರೀಕ್ಷೆ ಕಡ್ಡಾಯ. ಎಚ್‌ಟಿಎಲ್‌ವಿ ಆ ಪಟ್ಟಿಯಲ್ಲಿಲ್ಲ. ಬೇಕೋ ಬೇಡವೋ, ಸಮೀಕ್ಷೆ ಮಾಡಿ ಹೇಳಲಿ. ಆ ಸಮೀಕ್ಷೆ ಹಟ್ಟಿ, ಹಾಡಿಗಳನ್ನು ಬಿಟ್ಟು ನಡೆಯಕೂಡದು.

ಮೇಷ್ಟ್ರೇ, ನಿಮ್ಮ ಶಾಲೆಯ ಅಂಗಳದಲ್ಲಿ ರಕ್ತದಾನ ಶಿಬಿರ ನಡೆದರೆ ಒಂದು ಪ್ರಶ್ನೆ ಕೇಳಿ: ಪರೀಕ್ಷೆಯಲ್ಲಿ ಸೋಂಕು ಕಂಡರೆ ಕೊಟ್ಟವನಿಗೆ ಗುಟ್ಟಾಗಿ ತಿಳಿಸುತ್ತೀರಾ? ಚಿಕಿತ್ಸೆಗೆ ಕಳಿಸುತ್ತೀರಾ? ಉತ್ತರ ಬರೋತನಕ ಮೈಕು ಬಿಡಬೇಡಿ.

ನಮ್ಮ ರಕ್ತ ಬೇಕಾದವರಿಗೆ ನಾವೂ ಬೇಕಾಗಬೇಕು.