ದೋಣಿ ಹೆಚ್ಚಿತು, ದಡ ಹಿಗ್ಗಲಿಲ್ಲ

ರೇಡಿಯೊದಿಂದ ನಡೆಸುವ ಮಾದರಿ ಹಾಯಿದೋಣಿಗಳ ಪಂದ್ಯಕ್ಕೆ ಬಂದವರು ಇಪ್ಪತ್ತೈದು ವರ್ಷಗಳ ಹಿಂದೆ ಮೊದಲು ಹೋಗುತ್ತಿದ್ದದ್ದು ದಡದಲ್ಲಿ ನಿಲ್ಲಿಸಿದ್ದ ಒಂದು ಹಲಗೆಯ ಬಳಿಗೆ. ಅದರ ಮೇಲೆ ರೇಡಿಯೊ ತರಂಗಾಂತರಗಳ ಸಂಖ್ಯೆಗಳು, ಒಂದೊಂದಕ್ಕೂ ಒಂದು ಕ್ಲಿಪ್ಪು. ನಿಮ್ಮ ಸಂಖ್ಯೆಯ ಕ್ಲಿಪ್ಪು ಇನ್ನೊಬ್ಬರ ಕೈಯಲ್ಲಿದ್ದರೆ ಟ್ರಾನ್ಸ್‌ಮಿಟರ್ ಮುಟ್ಟುವಂತಿರಲಿಲ್ಲ. ಮರೆತು ಮುಟ್ಟಿದರೆ ಅವರ ದೋಣಿ ಹಿಡಿತ ತಪ್ಪಿ ಎತ್ತಲೋ ತಿರುಗುತ್ತಿತ್ತು. ಒಮ್ಮೆಗೆ ಎಷ್ಟು ದೋಣಿ ಎಂಬುದನ್ನು ಆಗ ಆ ಹಲಗೆಯೇ ತೀರ್ಮಾನಿಸುತ್ತಿತ್ತು, ಸಂಘಟಕರು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ.

ಒಬ್ಬರದು ಇನ್ನೊಬ್ಬರದಕ್ಕೆ ಅಡ್ಡ ಬರದ 2.4 ಗಿಗಾಹರ್ಟ್ಸ್ ರೇಡಿಯೊ ಬಂದು ಹಲಗೆ ಮೂಲೆ ಸೇರಿತು. ಜತೆಗೆ ಡ್ರ್ಯಾಗನ್‌ಫೋರ್ಸ್ 65ರಂಥ, 65 ಸೆಂಟಿಮೀಟರ್ ಉದ್ದದ ಅಗ್ಗದ ದೋಣಿಗಳು ಪೆಟ್ಟಿಗೆಯಲ್ಲೇ ಬರತೊಡಗಿದವು. ತಿಂಗಳುಗಟ್ಟಲೆ ಮರ, ಫೈಬರ್ ಉಜ್ಜುತ್ತ ಕೂರುವ ತಾಳ್ಮೆ ಇಲ್ಲದವರೂ ಕೆರೆಗೆ ಇಳಿದರು. ಆದರೆ ದಡ ಇದ್ದಷ್ಟೇ ಇದೆ, ಮನುಷ್ಯನ ಕಣ್ಣೂ ಅಷ್ಟೇ. ನೂರು ಮೀಟರ್ ಆಚೆ ಇಪ್ಪತ್ತು ದೋಣಿಗಳು ತಿರುವು ತೋರಿಸುವ ಒಂದೇ ಮಾರ್ಕಿನ ಸುತ್ತ ತಿರುಗುವಾಗ ಯಾರು ಯಾರಿಗೆ ತಾಗಿದರು ಎಂದು ಹೇಳುವುದು ಸುಲಭವಲ್ಲ. ದಡದ ಮೇಲಂತೂ ಇಪ್ಪತ್ತು ಜನ ದೋಣಿಯಿಂದ ಕಣ್ಣು ಕೀಳದೆ ಒಬ್ಬರ ಕಾಲು ಒಬ್ಬರು ತುಳಿಯುತ್ತ ನಡೆಯುತ್ತಾರೆ.

ಹಾಗಾಗಿ ಇಪ್ಪತ್ತು ಮೀರಿದರೆ ದೋಣಿಗಳನ್ನು ಸರದಿಯಂತೆ ಓಡುವ ಗುಂಪುಗಳಾಗಿ, ಅಂದರೆ ಹೀಟ್‌ಗಳಾಗಿ ಒಡೆಯಬೇಕು. ಇಲ್ಲೇ ಲೆಕ್ಕ ಬಿಗಿಯಾಗುವುದು. ಒಂದು ಹೀಟ್‌ಗೆ 15 ನಿಮಿಷ, ನಡುವೆ 5 ನಿಮಿಷ ಎಂದಿಟ್ಟುಕೊಳ್ಳಿ. ಆರು ಗಂಟೆಯಲ್ಲಿ 18 ಹೀಟ್. ಇಪ್ಪತ್ತು ದೋಣಿಗಳಿದ್ದರೆ ಎಲ್ಲರಿಗೂ 18 ರೇಸ್, ನಲವತ್ತಿದ್ದರೆ 9, ಅರವತ್ತಿದ್ದರೆ 6. ಬೆಳಗಿನ ಜಾವ ಎದ್ದು ಮುನ್ನೂರು ಕಿಲೊಮೀಟರ್ ಕಾರು ಓಡಿಸಿಕೊಂಡು ಬಂದವನಿಗೆ ಸಿಗುವುದು ಒಂದೂವರೆ ಗಂಟೆಯ ಆಟ. ನೋಂದಣಿ ಶುಲ್ಕದ ಪಟ್ಟಿ ಉದ್ದವಾಯಿತೆಂದು ಹಿಗ್ಗುವ ಕ್ಲಬ್ಬು ಈ ಲೆಕ್ಕವನ್ನು ಯಾರಿಗೂ ಹೇಳುವುದಿಲ್ಲ.

ದೊಡ್ಡ ಪಂದ್ಯಗಳು ನೆಚ್ಚಿಕೊಂಡಿರುವುದು ಎಚ್‌ಎಂಎಸ್ ಎಂಬ ಪದ್ಧತಿಯನ್ನು. ಕೆಳಗಿನ ಹೀಟ್ ಮೊದಲು ಓಡುತ್ತದೆ. ಅದರಲ್ಲಿ ಮುಂದೆ ಬಂದ ನಾಲ್ವರೋ ಆರು ಮಂದಿಯೋ ಕೂಡಲೇ ಮೇಲಿನ ಹೀಟ್‌ಗೆ ಬಡ್ತಿ ಪಡೆಯುತ್ತಾರೆ. ಮೇಲೆ ಹಿಂದುಳಿದವರು ಮುಂದಿನ ಸುತ್ತಿಗೆ ಕೆಳಗಿಳಿಯುತ್ತಾರೆ. ಸಮಬಲರ ನಡುವೆ ಸೆಣಸಾಟ ಎಂಬುದೇನೋ ನಿಜ. ಆದರೆ ಬಡ್ತಿ ಪಡೆದವನ ಪಾಡು ನೋಡಬೇಕು. ಇಂಟರ್‌ನ್ಯಾಷನಲ್ ಒನ್ ಮೀಟರ್ ದರ್ಜೆಯಲ್ಲಿ ಗಾಳಿಯ ಬಲಕ್ಕೆ ತಕ್ಕಂತೆ ಎ, ಬಿ, ಸಿ ಎಂದು ಮೂರು ಜೊತೆ ಹಾಯಿ. ಗಾಳಿ ಏರಿದರೆ ಮೇಲಿನ ಹೀಟ್‌ನವರು ಕಾಯುವ ಹೊತ್ತಿನಲ್ಲೇ ಹಾಯಿ ಬದಲಿಸಿಕೊಂಡಿರುತ್ತಾರೆ. ಇವನು ನೀರಿನಿಂದ ನೀರಿಗೆ! ಅಂಕ ಬರೆಯುವವರು ಒಂದು ಹಾಯಿಸಂಖ್ಯೆ ತಪ್ಪಾಗಿ ಓದಿದರಂತೂ ಅದು ಸರಿಯಾಗುವವರೆಗೆ ಇಡೀ ಕೆರೆ ನಿಲ್ಲುತ್ತದೆ.

2022ರಲ್ಲಿ ಕ್ರೊವೇಷಿಯಾದ ರಿಯೆಕಾದಲ್ಲಿ ನಡೆದ ಒನ್ ಮೀಟರ್ ವಿಶ್ವ ಚಾಂಪಿಯನ್‌ಷಿಪ್‌ನಂಥ ಹಲವು ದಿನಗಳ ಕೂಟಕ್ಕೆ ಈ ಬಡ್ತಿಯ ಯಂತ್ರ ಬೇಕೇ ಬೇಕು. ಭಾನುವಾರದ ಕ್ಲಬ್ ಪಂದ್ಯಕ್ಕೂ ಅದನ್ನೇ ಎಳೆದು ತರುವುದು ಪ್ರತಿಷ್ಠೆಯ ಮಾತು. ಒಂದು ದಿನದ ಪಂದ್ಯಕ್ಕೆ ಎಸ್‌ಎಚ್‌ಆರ್‌ಎಸ್ ಎಂಬ ಇನ್ನೊಂದು ಪದ್ಧತಿ ಮೇಲು. ಅದರಲ್ಲಿ ಮೊದಲು ಎಲ್ಲರನ್ನೂ ಬೆರೆಸಿ ಅರ್ಹತಾ ಸುತ್ತು, ಆಮೇಲೆ ಬಲಕ್ಕೆ ತಕ್ಕ ಗುಂಪುಗಳಲ್ಲಿ ಅಂತಿಮ ಸುತ್ತು. ಹೊಸಬನಿಗೂ ಒಮ್ಮೆಯಾದರೂ ಚಾಂಪಿಯನ್ನನ ಪಕ್ಕದಲ್ಲಿ ಸ್ಟಾರ್ಟ್ ಮಾಡುವ ಯೋಗ ಸಿಗುತ್ತದೆ. ಅವನು ಮುಂದಿನ ವರ್ಷವೂ ಬರುವುದು ಅದಕ್ಕೇ.

ಹೀಟ್ ಮಾಡಿದಾಗ ದಡದಲ್ಲಿ ಅರ್ಧ ಜನ ಸುಮ್ಮನೆ ನಿಂತಿರುತ್ತಾರೆ, ಹೆಚ್ಚಾಗಿ ಚಹಾ ಕುಡಿಯುತ್ತ. ಹಾಯಿಪಂದ್ಯದ ನಿಯಮಾವಳಿಯಲ್ಲಿ ರೇಡಿಯೊ ದೋಣಿಗಳಿಗೆಂದೇ ಇರುವ ಅನುಬಂಧ ಇ, ಸ್ಪರ್ಧಿಗಳನ್ನೇ ವೀಕ್ಷಕರನ್ನಾಗಿ ನೇಮಿಸಲು ಅವಕಾಶ ಕೊಡುತ್ತದೆ. ವೀಕ್ಷಕರು ತೀರ್ಪು ಕೊಡಬೇಕಿಲ್ಲ. ತಾಗಿದ ದೋಣಿಗಳ ಸಂಖ್ಯೆಯನ್ನು ಗಟ್ಟಿಯಾಗಿ ಕೂಗಬೇಕು, ಯಾರೂ ದಂಡದ ಸುತ್ತು ಹಾಕದಿದ್ದರೆ ಹೀಟ್ ಮುಗಿದ ಮೇಲೆ ವರದಿ ಮಾಡಬೇಕು. ಅನೇಕ ಕಡೆ ಇದು ಕಾಟಾಚಾರಕ್ಕೆ ನಡೆಯುತ್ತದೆ. ವೀಕ್ಷಕ ಮುಂದಿನ ಹೀಟ್‌ನಲ್ಲಿ ಅದೇ ಗೆಳೆಯನ ಪಕ್ಕ ಓಡಬೇಕಾದವನು, ಕೂಗಲು ಬಾಯಿ ಬರುವುದಿಲ್ಲ. ಸಂಘಟಕರು ಬೆಳಿಗ್ಗೆಯೇ ಸರದಿ ಬರೆದು ಅಂಟಿಸಲಿ, ತಪ್ಪಿಸಿಕೊಂಡವನಿಗೆ ಮುಂದಿನ ಪಂದ್ಯದ ನೋಂದಣಿಯಲ್ಲಿ ಕೊನೆಯ ಸ್ಥಾನ ಕೊಡಲಿ.

ಇಷ್ಟೆಲ್ಲ ಮಾಡಿಯೂ ದೋಣಿಗಳು ಹೆಚ್ಚಾದರೆ? ಎರಡು ಹೀಟ್ ತುಂಬಿದ ಮೇಲೆ ಬಾಗಿಲು ಹಾಕಬೇಕು ಎಂಬುದು ನನ್ನ ಅಭಿಪ್ರಾಯ. ಇಲ್ಲ ಎಂದರೆ ಕ್ಲಬ್ ಬೆಳೆಯುವುದಾದರೂ ಹೇಗೆ ಎಂದು ಕೇಳುವವರಿದ್ದಾರೆ. ನಲವತ್ತೊಂದನೆಯವನಿಗೆ ಅದೇ ತಿಂಗಳು ಇನ್ನೊಂದು ಕೆರೆಯಲ್ಲಿ ಇನ್ನೊಂದು ಪಂದ್ಯ ಇಟ್ಟರಾಯಿತು. ಅದಕ್ಕೆ ಬೇಕಾದದ್ದು ನಾಲ್ಕು ಮಾರ್ಕು, ಒಂದು ಗಡಿಯಾರ, ಮತ್ತು ಆ ದಿನ ತಮ್ಮ ದೋಣಿಯನ್ನು ಮನೆಯಲ್ಲೇ ಬಿಟ್ಟು ಬರಲು ಒಪ್ಪುವ ಇಬ್ಬರು.