ಕಲಾವಿದರು ಬೀದಿಗಿಳಿದಾಗ

ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದು ವಿ.ಕೃ. ಗೋಕಾಕ ಸಮಿತಿ 1981ರಲ್ಲೇ ವರದಿ ಕೊಟ್ಟಿತ್ತು. ಅದರ ಜಾರಿಗಾಗಿ ಸಾಹಿತಿಗಳೂ ಕನ್ನಡ ಸಂಘಟನೆಗಳೂ ಆಗಲೇ ಹೋರಾಟಕ್ಕಿಳಿದಿದ್ದರು. ಆದರೆ 1982ರಲ್ಲಿ ಡಾ. ರಾಜ್‌ಕುಮಾರ್ ಬೆಳಗಾವಿಯಿಂದ ಹೊರಟು ಊರೂರು ಸುತ್ತಿದ ಮೇಲೆ, ವಿದ್ವಾಂಸರ ನಡುವಿದ್ದ ಚರ್ಚೆ ಹಳ್ಳಿಯ ಅರಳಿಕಟ್ಟೆಗೂ ಬಂತು. ಸರ್ಕಾರ ಮಣಿಯಿತು. ಚುನಾವಣೆಗೆ ಎಂದೂ ನಿಲ್ಲದ ಅವರ ಮಾತಿನಲ್ಲಿ ಜನಕ್ಕೆ ಸ್ವಾರ್ಥ ಕಾಣಲಿಲ್ಲ.

ಕಲಾವಿದರು ಹೋರಾಟಕ್ಕೆ ಬರಲಿ ಎನ್ನುವವರಿಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಹೆಸರಿನ ಬಲವೊಂದೇ ಅಲ್ಲ, ತೆತ್ತ ಬೆಲೆಯೂ ಅವರ ಪರ ವಾದಿಸುತ್ತದೆ. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲು ಸೇರಿದರು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಇಂಥವರಿಗೆ ‘ನಟನೆ ನೋಡಿಕೊಳ್ಳಿ, ರಾಜಕೀಯ ನಿಮಗೇಕೆ’ ಎನ್ನಲು ಯಾರಿಗೆ ಬಾಯಿ ಬಂದೀತು?

ಆದರೂ ಎದುರು ಪಕ್ಷದ ಆತಂಕ ಹುರುಳಿಲ್ಲದ್ದಲ್ಲ. ಗೋಕಾಕ್ ಚಳವಳಿಯಲ್ಲೇ, ಉರ್ದು ಮತ್ತಿತರ ಮನೆಮಾತಿನ ಮಕ್ಕಳ ಶಿಕ್ಷಣದ ಪ್ರಶ್ನೆಯೂ ಇತ್ತು. ತಾಳ್ಮೆಯಿಂದ ಬಿಡಿಸಬೇಕಾದ ಇಂಥ ಪ್ರಶ್ನೆ ಅಭಿಮಾನಿಗಳ ಜಯಕಾರದ ನಡುವೆ ಕೇಳಿಸುವುದು ಕಷ್ಟ. ನಟನ ಮೇಲಿನ ಪ್ರೀತಿ ನಿಲುವಿನ ಸರಿತಪ್ಪನ್ನು ತೂಗಿ ನೋಡಲು ಬಿಡುವುದಿಲ್ಲ. ಬೆಲೆ ತೆರುವವರೂ ಬೇರೆಯವರಾಗಬಹುದು. ನಟ ಸತ್ಯರಾಜ್ ಕಾವೇರಿ ವಿಚಾರವಾಗಿ ವರ್ಷಗಳ ಹಿಂದೆ ಆಡಿದ್ದ ಮಾತಿಗಾಗಿ, 2017ರಲ್ಲಿ ‘ಬಾಹುಬಲಿ 2’ರ ಬಿಡುಗಡೆಗೇ ಕರ್ನಾಟಕದಲ್ಲಿ ವಿರೋಧ ಎದ್ದಿತು. ಅವರು ವಿಷಾದ ವ್ಯಕ್ತಪಡಿಸಬೇಕಾಯಿತು. ನೂರಾರು ಜನರ ದುಡಿಮೆ ಒಬ್ಬರ ಮಾತಿಗೆ ಒತ್ತೆಯಾಗಿತ್ತು.

ಇವೆರಡರ ನಡುವೆ ಇನ್ನೊಂದು ದಾರಿಯಿದೆ. 1975ರಲ್ಲಿ ಹುಟ್ಟಿದ ‘ಸಮುದಾಯ’ ತಂಡದಲ್ಲಿ ತಾರೆಯರಿರಲಿಲ್ಲ. ಬಿಹಾರದ ದಲಿತರ ಹತ್ಯಾಕಾಂಡವನ್ನು ‘ಬೆಲ್ಚಿ’ ಬೀದಿನಾಟಕವಾಗಿ ಅದು ಜನರ ಮುಂದಿಟ್ಟಿತು. ಅಲ್ಲಿ ಜನರನ್ನು ಹಿಡಿದು ನಿಲ್ಲಿಸಿದ್ದು ನಾಟಕವೇ. ಆದರೆ ಈ ದಾರಿಗೂ ಅಪಾಯವಿದೆ: ಘೋಷಣೆ ಹೆಚ್ಚಾದರೆ ಪಾತ್ರಗಳು ಬಡವಾಗುತ್ತವೆ.

ಕಲಾವಿದರಿಗೆ ಮಾತಾಡುವ ಹಕ್ಕು ನಮ್ಮೆಲ್ಲರಷ್ಟೇ ಇದೆ. ಸುಮ್ಮನಿರುವ ಹಕ್ಕೂ ಅಷ್ಟೇ ಇದೆ. ಇಂದು ನಾವು ಎರಡನ್ನೂ ಕಸಿಯುತ್ತಿದ್ದೇವೆ: ನಮಗೊಪ್ಪದ್ದು ಆಡಿದರೆ ಬಹಿಷ್ಕಾರ, ಆಡದಿದ್ದರೆ ದ್ರೋಹದ ಪಟ್ಟ. ಅವರ ಕರೆಗೆ ಓಗೊಟ್ಟು ಸೇರೋಣ. ಸೇರಿದ ಮೇಲೆ ವರದಿಯನ್ನು ನಾವೇ ಓದಬೇಕು, ಒಪ್ಪದವರ ಮಾತನ್ನೂ ಕೇಳಬೇಕು. ಆ ಕೆಲಸವನ್ನು ಯಾವ ತಾರೆಯೂ ನಮ್ಮ ಪರವಾಗಿ ಮಾಡಲಾರರು.