ಪುಕ್ಕಟೆ ಪ್ಲಗಿನ್ನು, ಕಮಲಾಪುರದ ಚೌಡಿಕೆ

"ಪುಕ್ಕಟೆ ಸಾಫ್ಟ್‌ವೇರಿನಾಗ ಏನ್ ಬರ್ತದಪಾ, ಬರೇ ಪ್ಲಾಸ್ಟಿಕ್ ಸೌಂಡ್!" ಮನೆಯಲ್ಲೇ ಹಾಡು ಕಟ್ಟುವ ಕಲಬುರಗಿ ಗೆಳೆಯರ ಬಾಯಲ್ಲಿ ಈ ಮಾತು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ. ಹೀಗೆ ಹೇಳುವವರ ಲ್ಯಾಪ್‌ಟಾಪಿನಲ್ಲಿ ಇರೋದೇನು? ಕದ್ದ ಪಿಯಾನೋ, ಕದ್ದ ವಯಲಿನ್ನು. ಅದೂ ಪುಕ್ಕಟೆಯೇ ತಾನೇ ಸ್ವಾಮಿ? ಕ್ರ್ಯಾಕ್ ಮಾಡಿದ ಕೂಡಲೇ ಪ್ಲಾಸ್ಟಿಕ್ಕು ಚಿನ್ನ ಆಗಿಬಿಡುತ್ತಾ :-)

ಸರ್ಜ್ ಅನ್ನೋ ಸಿಂಥಸೈಜರ್ ನೋಡಿ. ಮೊದಲು ದುಡ್ಡಿಗೆ ಮಾರುತ್ತಿದ್ದರು, 2018ರಲ್ಲಿ ಓಪನ್ ಸೋರ್ಸ್ ಮಾಡಿದರು. ಬೆಲೆ ಸೊನ್ನೆ ಆದ ದಿನ ಅದರ ದನಿಯೇನೂ ಕೆಡಲಿಲ್ಲ. ಕೋಡ್ ಬರೆದು ಹೊಟ್ಟೆ ಹೊರೆಯುವ ನನಗೆ ಇದರಲ್ಲಿ ಆಶ್ಚರ್ಯವೂ ಇಲ್ಲ. ರೆಕಾರ್ಡಿಂಗಿಗೆ ರೀಪರ್ ಇದೆ, ನಮ್ಮಂಥವರಿಗೆ ಲೈಸೆನ್ಸು 60 ಡಾಲರ್. ಮೂರು ಸಲ ಗೆಳೆಯರ ಜೊತೆ ಹೊರಗೆ ಊಟಕ್ಕೆ ಹೋದ ಬಿಲ್ಲು, ಅಷ್ಟೇ.

ನನ್ನ ಅಸಲಿ ತಕರಾರು ಬೇರೆ. ದುಬಾರಿ ಲೈಬ್ರರಿಗಳಲ್ಲಿ ಲಂಡನ್ನಿನ ಆರ್ಕೆಸ್ಟ್ರಾ ಸಿಗುತ್ತೆ, ಹುಡುಕಿದರೆ ಸಿತಾರ್, ತಬಲಾ ಕೂಡ ಸಿಗುತ್ತೆ. ನಮ್ಮ ಎಲ್ಲಮ್ಮನ ಹಾಡಿನ ಚೌಡಿಕೆ? ನಾನು ಹುಡುಕಿದ ಯಾವುದರಲ್ಲೂ ಇರಲಿಲ್ಲ. ಅದು ಸಿಕ್ಕಿದ್ದು ಹುಮನಾಬಾದ್ ರಸ್ತೆಯ ಕಮಲಾಪುರದಲ್ಲಿ, ಅದೇ ಕೆಂಪು ಬಾಳೆಹಣ್ಣಿನ ಊರು.

ಡಿಸೆಂಟ್ ಸ್ಯಾಂಪ್ಲರ್ ಅಂತ ಒಂದು ಪುಕ್ಕಟೆ ಪ್ಲಗಿನ್ ಇದೆ. ನಾವೇ ರೆಕಾರ್ಡ್ ಮಾಡಿದ ದನಿಗಳನ್ನು ಫೋಲ್ಡರಿಗೆ ಹಾಕಿ, ಯಾವ ಕೀಲಿಗೆ ಯಾವ ಫೈಲು ಅಂತ ಎಕ್ಸ್‌ಎಂಎಲ್‌ನಲ್ಲಿ ಬರೆದರೆ ವಾದ್ಯ ರೆಡಿ. ನೋಟ್‌ಪ್ಯಾಡ್ ಸಾಕು! ಪರಿಚಯದ ಕಾಕಾ ಒಬ್ಬರ ಮನೆಯಲ್ಲಿ ಕೂತು, ಫ್ಯಾನ್ ಆಫ್ ಮಾಡಿ, 40 ಮೀಟು ರೆಕಾರ್ಡ್ ಮಾಡಿದೆ. ಮೆಲ್ಲಗೆ, ಜೋರಾಗಿ, ಒಂದೊಂದನ್ನೂ ನಾಲ್ಕು ನಾಲ್ಕು ಸಲ. ಒಂದೇ ಫೈಲು ಮತ್ತೆ ಮತ್ತೆ ಬಡಿದರೆ ಕಿವಿಗೆ ಮಷೀನ್ ಅಂತ ತಕ್ಷಣ ಗೊತ್ತಾಗುತ್ತೆ, ಅದಕ್ಕೇ. ತಲಾ ಮೂರು ಸೆಕೆಂಡು, 24 ಬಿಟ್ ಮೊನೊ, ಒಟ್ಟು 16 ಎಂಬಿ. ನಿಮ್ಮ ಕದ್ದ ಪಿಯಾನೋ ಎಷ್ಟು ಜಿಬಿ ಅಂದ್ರಿ?

ಚೌಡಿಕೆಯ ಜೀವ ಇರೋದು ತಂತಿಯನ್ನು ಎಳೆದು ಸಡಿಲಿಸುವಾಗ ಜಾರುವ ಸ್ವರದಲ್ಲಿ. ಪಿಚ್ ವೀಲ್ ತಿರುಗಿಸಿದರೆ ಅದು ಅರ್ಧಂಬರ್ಧ ಬರುತ್ತೆ. ಹಾಗಾಗಿ ಆ ಜಾರುಗಳನ್ನೇ ಬೇರೆ ಫೈಲುಗಳಾಗಿ ಹಿಡಿಯಬೇಕಾಯ್ತು. ಸಾರಂಗಿ, ಶಹನಾಯಿಯ ಮೀಂಡ್ ಬೇಕಾದರೆ ಪುಕ್ಕಟೆ ಪ್ಲಗಿನ್ನು ಸೋಲುತ್ತೆ, ಒಪ್ಪಿದೆ. ಅಲ್ಲಿ ನುಡಿಸುವವರನ್ನೇ ಕರೆಸಿ.

"ಹಾಗಾದರೆ ನೀನು ಕಾಕಾನ ಹೊಟ್ಟೆ ಮೇಲೆ ಹೊಡೆದ ಹಾಗಲ್ಲವಾ?" ಅಂತ ಒಬ್ಬ ಕೇಳಿದ. ಒಳ್ಳೇ ಪ್ರಶ್ನೆ. ಲೈಬ್ರರಿಗೆ ಸುರಿಯಬೇಕಿದ್ದ ದುಡ್ಡಲ್ಲಿ ಆ ದಿನದ ಸಂಭಾವನೆ ಕೊಟ್ಟೆ, ಫೈಲುಗಳನ್ನು ಹಂಚಬಹುದಾ ಅಂತ ಕೇಳಿ ಒಪ್ಪಿಗೆ ತಗೊಂಡೆ, ಹೆಸರು ಹಾಕ್ತೀನಿ ಅಂತ ಮಾತು ಕೊಟ್ಟೆ. ಕ್ರ್ಯಾಕ್ ಇಳಿಸಿಕೊಂಡವರು ಯಾರಿಗೆ ಏನು ಕೊಟ್ಟರು?

ಈ ಬೇಸಿಗೆಗೆ ಹಲಗೆಯ ಸರದಿ. 42 ಡಿಗ್ರಿ ಸೆಖೆಯಲ್ಲಿ ಫ್ಯಾನ್ ಆಫ್ ಮಾಡಿಕೊಂಡು ಕೂರಲು ಯಾರ್ಯಾರು ಬರ್ತೀರಿ ಹೇಳಿ, ಬಾಳೆಹಣ್ಣಿನ ಖರ್ಚು ನನ್ನದು.